ಹರಳಿನ ದಿಕ್ಕನ್ನು ಬೆಳಕು ಹೇಗೆ ಹೇಳುತ್ತದೆ?

ಕೆಜಿಎಫ್‌ನ ಹಳೆಯ ಗಣಿಗಳ ಸುತ್ತ ಕಪ್ಪು ಬೆರೆತ ಹಸಿರು ಬಣ್ಣದ ಕಲ್ಲು ಧಾರಾಳವಾಗಿ ಸಿಗುತ್ತದೆ. ಚಿನ್ನ ಇದ್ದದ್ದು ಬೆಣಚುಕಲ್ಲಿನ ಎಳೆಗಳಲ್ಲಿ. ಆ ಎಳೆಗಳ ಎರಡೂ ಮಗ್ಗುಲಿಗೆ ಇದ್ದದ್ದು ಈ ಹಸಿರು ಕಲ್ಲು. ಅದರಲ್ಲಿ ತುಂಬಿರುವ ಖನಿಜದ ಹೆಸರು ಹಾರ್ನ್‌ಬ್ಲೆಂಡ್. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನದ ಕಥೆ ಕೋಲಾರ ಜಿಲ್ಲೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾರ್ನ್‌ಬ್ಲೆಂಡಿನ ಕಥೆ ಮಾತ್ರ ಭೂವಿಜ್ಞಾನ ಓದಿದವರ ಹತ್ತಿರವೇ ಉಳಿದಿದೆ.

ಅವರು ಮಾಡುವುದು ಇಷ್ಟು. ಕಲ್ಲಿನ ಚೂರೊಂದನ್ನು ಗಾಜಿನ ಸ್ಲೈಡಿಗೆ ಅಂಟಿಸಿ, ಉಜ್ಜಿ ಉಜ್ಜಿ 0.03 ಮಿಲಿಮೀಟರ್ ದಪ್ಪಕ್ಕೆ ಇಳಿಸುತ್ತಾರೆ. ಅಷ್ಟು ತೆಳ್ಳಗಾದರೆ ಕಲ್ಲಿನೊಳಗಿನಿಂದಲೂ ಬೆಳಕು ಹಾಯುತ್ತದೆ. ಕೆಳಗಿನಿಂದ ಧ್ರುವೀಕೃತ ಬೆಳಕು, ಅಂದರೆ ಒಂದೇ ದಿಕ್ಕಿನಲ್ಲಿ ಅಲುಗುವ ಬೆಳಕು ಬಿಟ್ಟು, ಮೈಕ್ರೋಸ್ಕೋಪಿನ ತಟ್ಟೆಯನ್ನು ನಿಧಾನಕ್ಕೆ ತಿರುಗಿಸುತ್ತಾರೆ. ಆಗ ಹಾರ್ನ್‌ಬ್ಲೆಂಡ್ ತುಣುಕು ತಿಳಿ ಹಳದಿ-ಹಸಿರಿನಿಂದ ಗಾಢ ಹಸಿರಿಗೆ ತಿರುಗುತ್ತದೆ, ಮತ್ತೆ ತಿಳಿಯಾಗುತ್ತದೆ. ಪಕ್ಕದಲ್ಲಿರುವ ಬೆಣಚಿನ ಕಾಳು ಬಣ್ಣ ಬದಲಿಸದೆ ಸುಮ್ನೆ ಇರುತ್ತದೆ. ಕಲ್ಲು ಅದೇ, ದೀಪವೂ ಅದೇ. ಬದಲಾದದ್ದು ಬೆಳಕಿಗೂ ಹರಳಿಗೂ ನಡುವಿನ ಕೋನ ಮಾತ್ರ.

ಇದೇ ಪರೀಕ್ಷೆಯನ್ನು ಒಂದೇ ಪದರದ ಹರಳಿನ ಮೇಲೆ ಮಾಡಲು ಸಾಧ್ಯವೇ? ಅಂಥ ಪದರದ ದಪ್ಪ ಸುಮಾರು 0.6 ನ್ಯಾನೋಮೀಟರ್. ಅಂದರೆ ಭೂವಿಜ್ಞಾನಿಯ ಹೋಳಿಗಿಂತ ಸುಮಾರು 50 ಸಾವಿರ ಪಟ್ಟು ತೆಳು. ಆದರೂ ಸಾಧ್ಯ. ಇವತ್ತು ಪ್ರಪಂಚದ ಎಷ್ಟೋ ಪ್ರಯೋಗಾಲಯಗಳಲ್ಲಿ ಇದು ದಿನನಿತ್ಯದ ಕೆಲಸ. ಆದರೆ ಅಲ್ಲಿ ಒಂದು ತೊಡಕಿದೆ. ಹರಳು ತನ್ನ ದಿಕ್ಕನ್ನು ಹೇಳುವುದೇನೋ ನಿಜ, ಆದರೆ ನೀವು ಯಾವ ಬಣ್ಣದ ಬೆಳಕಿನಲ್ಲಿ ಕೇಳುತ್ತೀರಿ ಎನ್ನುವುದರ ಮೇಲೆ ಉತ್ತರ ಬದಲಾಗಬಹುದು. ಈ ಲೇಖನ ಮುಖ್ಯವಾಗಿ ಆ ತೊಡಕಿನ ಬಗ್ಗೆ.

ಮೊದಲು ಬೆಳಕಿನ ವಿಷಯ ಸ್ವಲ್ಪ ನೋಡೋಣ. ಬೆಳಕು ಒಂದು ಅಲೆ. ಅದರ ವಿದ್ಯುತ್ ಕ್ಷೇತ್ರ ಬೆಳಕು ಸಾಗುವ ದಾರಿಗೆ ಅಡ್ಡಲಾಗಿ ಅಲುಗುತ್ತದೆ. ಬಿಸಿಲಿನಲ್ಲೂ ಬಲ್ಬಿನ ಬೆಳಕಿನಲ್ಲೂ ಆ ಅಲುಗಾಟ ಎಲ್ಲ ಕಡೆಗೂ ಇರುತ್ತದೆ. ಪೋಲರೈಸರ್ ಎಂಬ ಹಾಳೆ ಒಂದು ದಿಕ್ಕಿನ ಅಲುಗಾಟವನ್ನು ಮಾತ್ರ ಬಿಟ್ಟುಕೊಡುತ್ತದೆ. ಹೊರಗೆ ಬಂದದ್ದೇ ಧ್ರುವೀಕೃತ ಬೆಳಕು. ಅದರ ಮುಂದೆ ಇನ್ನೊಂದು ಪೋಲರೈಸರ್ ಹಿಡಿದು ತಿರುಗಿಸಿದರೆ 60 ಡಿಗ್ರಿಯಲ್ಲಿ ಕಾಲು ಭಾಗ ಬೆಳಕು ಉಳಿಯುತ್ತದೆ, 90 ಡಿಗ್ರಿಯಲ್ಲಿ ಕತ್ತಲು. ಈ ಲೆಕ್ಕ ಕೊಟ್ಟವರು ಫ್ರಾನ್ಸಿನ ಮಾಲುಸ್, 1809ರಲ್ಲಿ.

ಇದಕ್ಕೆ ಲ್ಯಾಬ್ ಬೇಕಾಗಿಲ್ಲ. ಎಲ್‌ಸಿಡಿ ಪರದೆಯ ಲ್ಯಾಪ್‌ಟಾಪ್ ಮತ್ತು ಪೋಲರೈಸ್ಡ್ ಎಂದು ಬರೆದಿರುವ ತಂಪು ಕನ್ನಡಕ ಸಾಕು. ಪರದೆಯಲ್ಲಿ ಬಿಳಿ ಪುಟ ತೆರೆಯಿರಿ. ಕನ್ನಡಕವನ್ನು ಕೈಯಲ್ಲಿ ಹಿಡಿದು ತಿರುಗಿಸಿ. ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಅದೇ ಕೋನದಲ್ಲಿ ಕನ್ನಡಕವನ್ನು ನಿಲ್ಲಿಸಿ, ಪರದೆಗೂ ಕನ್ನಡಕಕ್ಕೂ ನಡುವೆ ರೇಷ್ಮೆಯ ಒಂದೇ ಒಂದು ಎಳೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ನಮ್ಮ ಕಡೆ ರೇಷ್ಮೆಗೇನು ಬರವಿಲ್ಲ. ಗೂಡು ಬಿಚ್ಚುವ ರೀಲರ್ ಹತ್ತಿರ ಕೇಳಿದರೆ ಎಳೆ ಸಿಗುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಎಳೆ ಹೊಳೆಯುತ್ತದೆ. ಎಳೆಯನ್ನು ಪರದೆಯ ಧ್ರುವೀಕರಣದ ದಿಕ್ಕಿಗೆ ಸರಿಯಾಗಿ ಹಿಡಿದರೆ ಆರುತ್ತದೆ, 45 ಡಿಗ್ರಿ ಓರೆಗೆ ಹಿಡಿದರೆ ಮತ್ತೆ ಹೊಳೆಯುತ್ತದೆ. ರೇಷ್ಮೆಯ ಪ್ರೋಟೀನು ಸರಪಳಿಗಳು ಎಳೆಯ ಉದ್ದಕ್ಕೇ ಮಲಗಿರುತ್ತವೆ. ಹಾಗಾಗಿ ಉದ್ದಕ್ಕೆ ಅಲುಗುವ ಬೆಳಕಿಗೆ ಒಂದು ವೇಗ, ಅಡ್ಡಕ್ಕೆ ಅಲುಗುವ ಬೆಳಕಿಗೆ ಇನ್ನೊಂದು ವೇಗ. ಎರಡು ದಿಕ್ಕಿನ ವಕ್ರೀಭವನಾಂಕಗಳ ವ್ಯತ್ಯಾಸ ಸುಮಾರು 0.05. ಕೇಳಲು ಸಣ್ಣ ಅಂಕಿ, ಆದರೆ ಕಣ್ಣಿಗೆ ಕಾಣುವಷ್ಟು ದೊಡ್ಡದು.

ಹಾರ್ನ್‌ಬ್ಲೆಂಡ್ ತೋರಿಸಿದ್ದು ಹೀರುವಿಕೆಯ ವ್ಯತ್ಯಾಸ, ರೇಷ್ಮೆ ತೋರಿಸಿದ್ದು ವೇಗದ ವ್ಯತ್ಯಾಸ. ಈ ಎರಡನ್ನೂ ನೆನಪಿನಲ್ಲಿಡಿ, ಮುಂದೆ ಇವೆರಡೂ ಸೇರಿ ತಲೆನೋವು ಕೊಡುತ್ತವೆ.

ಈಗ ಒಂದೇ ಪದರದ ಹರಳುಗಳಿಗೆ ಬರೋಣ. ಈ ಕ್ಷೇತ್ರ ಶುರುವಾದದ್ದು 2004ರಲ್ಲಿ. ಮ್ಯಾಂಚೆಸ್ಟರ್‌ನ ಗೈಮ್ ಮತ್ತು ನೊವೊಸೆಲೊವ್ ಗ್ರಾಫೈಟಿನಿಂದ ಅಂಟುಟೇಪಿನಲ್ಲಿ ಪದರ ಕಿತ್ತು ಗ್ರಾಫೀನ್ ತೋರಿಸಿದರು. 2010ರಲ್ಲಿ ನೊಬೆಲ್ ಬಂತು. ಗ್ರಾಫೀನ್ ಒಂದು ಪರಮಾಣು ದಪ್ಪದ ಇಂಗಾಲದ ಜಾಲ, ಎಲ್ಲ ಕಡೆ ಷಟ್ಕೋನಗಳು. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 2.3ರಷ್ಟನ್ನು ಹೀರುತ್ತದೆ. ಆದರೆ ಅದನ್ನು ಧ್ರುವೀಕೃತ ಬೆಳಕಿನ ಕೆಳಗೆ ಎಷ್ಟು ತಿರುಗಿಸಿದರೂ ಆ ಅಂಕಿ ಬದಲಾಗುವುದಿಲ್ಲ. ಅದಕ್ಕೆ ದಿಕ್ಕೇ ಇಲ್ಲವೇನೋ ಅನ್ನಿಸುತ್ತದೆ.

ಆದರೆ ಷಟ್ಕೋನದ ಜಾಲಕ್ಕೆ ದಿಕ್ಕು ಇದೆಯಲ್ಲ? ಒಂದು ಕಡೆ ಮೂಲೆ, ಒಂದು ಕಡೆ ಅಂಚು. ಮತ್ಯಾಕೆ ಬೆಳಕಿಗೆ ಅದು ಕಾಣುವುದಿಲ್ಲ? ಇದಕ್ಕೆ ಕಾಗದದ ಮೇಲೆಯೇ ಉತ್ತರ ಕಂಡುಕೊಳ್ಳಬಹುದು, ಮತ್ತು ಇಡೀ ವಿಷಯದ ಕೀಲಿ ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ಸಾಧಾರಣ ಬೆಳಕಿಗೆ ಒಂದು ಪದರ ಹೇಗೆ ಸ್ಪಂದಿಸುತ್ತದೆ ಎನ್ನುವುದನ್ನು ಒಂದು ದೀರ್ಘವೃತ್ತವಾಗಿ ಬರೆಯಬಹುದು. ಒಂದು ದಿಕ್ಕಿಗೆ ಅತಿ ಜಾಸ್ತಿ, ಅದಕ್ಕೆ ಲಂಬವಾದ ದಿಕ್ಕಿಗೆ ಅತಿ ಕಡಿಮೆ. ಅದಕ್ಕಿಂತ ಸಂಕೀರ್ಣವಾದ ಆಕಾರಕ್ಕೆ ಗಣಿತದಲ್ಲಿ ಜಾಗವಿಲ್ಲ. ಈಗ ಷಟ್ಕೋನದ ಜಾಲವನ್ನು 60 ಡಿಗ್ರಿ ತಿರುಗಿಸಿ. ಜಾಲ ಮೊದಲಿನ ಹಾಗೇ ಕಾಣುತ್ತದೆ. ಹಾಗಾದರೆ ಅದರ ದೀರ್ಘವೃತ್ತವೂ ಮೊದಲಿನ ಹಾಗೇ ಕಾಣಬೇಕು, ಅಲ್ವಾ? 60 ಡಿಗ್ರಿ ತಿರುಗಿದರೂ ಬದಲಾಗದ ದೀರ್ಘವೃತ್ತ ಯಾವುದು? ವೃತ್ತ ಮಾತ್ರ. ವೃತ್ತಕ್ಕೆ ದಿಕ್ಕಿಲ್ಲ.

120 ಡಿಗ್ರಿ ತಿರುಗಿಸಿದಾಗ ಮಾತ್ರ ಹೊಂದುವ ಜಾಲಕ್ಕೂ ಇದೇ ಮಾತು ಹೊಂದುತ್ತದೆ. ಮಾಲಿಬ್ಡಿನಂ ಡೈಸಲ್ಫೈಡಿನ ಒಂಟಿ ಪದರ ಈ ಜಾತಿಯದು. ಅದಕ್ಕೂ ವೃತ್ತವೇ ಗತಿ. ತೀಕ್ಷ್ಣವಾದ ಲೇಸರ್ ಬಿಟ್ಟು ಎರಡರಷ್ಟು ಆವೃತ್ತಿಯ ಬೆಳಕು ಹುಟ್ಟಿಸಿದರೆ ಅದು ಆರು ಎಸಳಿನ ಚಿತ್ರ ತೋರಿಸುತ್ತದೆ, ದಿಕ್ಕು ಸಿಗುತ್ತದೆ. ಆದರೆ ಅದು ಬೇರೆ ಕಥೆ, ಇಲ್ಲಿ ಬಿಡೋಣ.

ಸಮಮಿತಿ ಇದಕ್ಕಿಂತ ಕೆಳಗಿಳಿದರೆ ವೃತ್ತ ಒಡೆಯುತ್ತದೆ. 120 ಡಿಗ್ರಿ, 90 ಡಿಗ್ರಿ, 60 ಡಿಗ್ರಿ ಯಾವ ತಿರುವಿಗೂ ಹೊಂದದ ಜಾಲದಲ್ಲಿ ನಿಜವಾದ ದೀರ್ಘವೃತ್ತಕ್ಕೆ ಅವಕಾಶ ಸಿಗುತ್ತದೆ. ಆಗ ಧ್ರುವೀಕೃತ ಬೆಳಕಿಗೆ ಕೆಲಸ ಬರುತ್ತದೆ. ಕಡಿಮೆ ಸಮಮಿತಿಯ ಎರಡು ಆಯಾಮದ ವಸ್ತುಗಳು ಎಂದು ಕರೆಯುವುದು ಇವನ್ನೇ.

ಇವುಗಳಲ್ಲಿ ಹೆಸರುವಾಸಿ ಕಪ್ಪು ರಂಜಕ. ಹೊಸ ವಸ್ತುವೇನಲ್ಲ. ಅಮೆರಿಕದ ಬ್ರಿಜ್‌ಮನ್ 1914ರಲ್ಲೇ ಮಾಡಿದ್ದರು. ಬಿಳಿ ರಂಜಕವನ್ನು ಸುಮಾರು 200 ಡಿಗ್ರಿ ಶಾಖದಲ್ಲಿ ವಾತಾವರಣದ ಸುಮಾರು 12 ಸಾವಿರ ಪಟ್ಟು ಒತ್ತಡಕ್ಕೆ ಸಿಕ್ಕಿಸಿದಾಗ ಅದು ಸಿಕ್ಕಿತು. ಆಮೇಲೆ ನೂರು ವರ್ಷ ಹೆಚ್ಚು ಜನ ಅದರ ತಂಟೆಗೆ ಹೋಗಲಿಲ್ಲ. 2014ರಲ್ಲಿ ಚೀನಾ ಮತ್ತು ಅಮೆರಿಕದ ಗುಂಪುಗಳು ಅದರ ತೆಳು ಪದರಗಳಿಂದ ಟ್ರಾನ್ಸಿಸ್ಟರ್ ಮಾಡಿದ ಮೇಲೆ ಎಲ್ಲರೂ ಅದರ ಹಿಂದೆ ಬಿದ್ದರು.

ಅದರ ಪದರ ಗ್ರಾಫೀನಿನಂತೆ ಚಪ್ಪಟೆ ಅಲ್ಲ. ದನದ ಕೊಟ್ಟಿಗೆಗೆ ಹೊದಿಸುವ ಏರುತಗ್ಗಿನ ತಗಡಿನ ಶೀಟಿನ ಹಾಗೆ ಮಡಿಕೆ ಮಡಿಕೆ. ಶೀಟನ್ನು ಮಡಿಕೆಗಳ ಉದ್ದಕ್ಕೆ ಬಗ್ಗಿಸಲು ಹೋದರೆ ಬಗ್ಗದು. ಅಡ್ಡಕ್ಕೆ ಸಲೀಸಾಗಿ ಸುರುಳಿಯಾಗುತ್ತದೆ. ಕಪ್ಪು ರಂಜಕವೂ ಅಷ್ಟೇ, ಮಡಿಕೆಗೆ ಅಡ್ಡ ದಿಕ್ಕಿನಲ್ಲಿ ಮೆದು, ಉದ್ದ ದಿಕ್ಕಿನಲ್ಲಿ ಬಿಗಿ. ಆದರೆ ಹೋಲಿಕೆ ಇಲ್ಲಿಗೇ ನಿಲ್ಲಿಸಬೇಕು. ಶೀಟಿನ ಮೇಲೆ ಮಳೆನೀರು ಮಡಿಕೆಯ ಉದ್ದಕ್ಕೆ ಹರಿಯುತ್ತದೆ. ಕಪ್ಪು ರಂಜಕದಲ್ಲಿ ಎಲೆಕ್ಟ್ರಾನುಗಳು ತದ್ವಿರುದ್ಧ, ಮಡಿಕೆಗಳನ್ನು ಅಡ್ಡ ಹಾಯುವ ದಿಕ್ಕಿನಲ್ಲೇ ಹಗುರಾಗಿ ಓಡುತ್ತವೆ. ಈ ಅಡ್ಡ ದಿಕ್ಕಿಗೆ ಆರ್ಮ್‌ಚೇರ್ ಎಂದೂ, ಮಡಿಕೆಯ ಉದ್ದಕ್ಕಿರುವ ದಿಕ್ಕಿಗೆ ಝಿಗ್‌ಝ್ಯಾಗ್ ಎಂದೂ ಹೆಸರು.

ಬೆಳಕಿಗೂ ಆರ್ಮ್‌ಚೇರ್ ದಿಕ್ಕೇ ಇಷ್ಟ. ಬ್ಯಾಂಡ್ ಗ್ಯಾಪಿನ (ಎಲೆಕ್ಟ್ರಾನು ಬಿಡಿಸಿಕೊಂಡು ಓಡಾಡಲು ಬೇಕಾದ ಕನಿಷ್ಠ ಶಕ್ತಿ) ಆಸುಪಾಸಿನ ಶಕ್ತಿಯ ಬೆಳಕು ಆರ್ಮ್‌ಚೇರ್ ದಿಕ್ಕಿನಲ್ಲಿ ಅಲುಗಿದರೆ ಚೆನ್ನಾಗಿ ಹೀರಿಕೆಯಾಗುತ್ತದೆ. ಝಿಗ್‌ಝ್ಯಾಗ್ ದಿಕ್ಕಿನಲ್ಲಿ ಅಲುಗಿದರೆ ಹೆಚ್ಚೂಕಡಿಮೆ ಹಾಗೇ ಹಾದುಹೋಗುತ್ತದೆ. ಒಂಟಿ ಪದರ ತಾನೇ ಬೆಳಕು ಚೆಲ್ಲುವಾಗಲೂ ಹೀಗೇ. ಯಾವ ದಿಕ್ಕಿನ ಲೇಸರಿನಿಂದ ಕೆರಳಿಸಿದರೂ ಹೊರಬರುವ ಬೆಳಕು ಬಹುಪಾಲು ಆರ್ಮ್‌ಚೇರ್ ದಿಕ್ಕಿನದೇ. ಇದು ಕಾಕತಾಳೀಯವಲ್ಲ. ಕಪ್ಪು ರಂಜಕದ ಹರಳಿನಲ್ಲಿ ಕನ್ನಡಿ ಸಮಮಿತಿ ಇದೆ. ನಡುವೆ ಕನ್ನಡಿ ಇಟ್ಟರೆ ಎಡಕ್ಕೂ ಬಲಕ್ಕೂ ವ್ಯತ್ಯಾಸವಿಲ್ಲ. ಕನ್ನಡಿಯಲ್ಲಿ ನೋಡಿದರೂ ಬದಲಾಗದ ದೀರ್ಘವೃತ್ತ ಬೇಕೆಂದರೆ ಅದರ ಅಕ್ಷ ಕನ್ನಡಿಯ ಗೆರೆಯ ಮೇಲೆ ಇರಬೇಕು, ಇಲ್ಲವೇ ಅದಕ್ಕೆ ಲಂಬವಾಗಿರಬೇಕು. ಓರೆಯಾಗಿ ನಿಲ್ಲುವಂತಿಲ್ಲ. ಕೆಂಪು ಬೆಳಕಾಗಲಿ ಹಸಿರು ಬೆಳಕಾಗಲಿ, ಅಕ್ಷಗಳು ಆ ಎರಡು ಗೆರೆಗಳ ಮೇಲೇ.

ಕಪ್ಪು ರಂಜಕದ ದೊಡ್ಡ ದೋಷ, ಅದು ಗಾಳಿಗೆ ತಡೆಯುವುದಿಲ್ಲ. ಆಮ್ಲಜನಕ, ತೇವ, ಬೆಳಕು ಮೂರೂ ಸೇರಿದರೆ ತೆಳು ಪದರ ಬೇಗ ಹಾಳಾಗುತ್ತದೆ. ಕೋಲಾರದಂಥ ಒಣಹವೆಯ ಊರಲ್ಲೂ ಅದನ್ನು ಮೇಜಿನ ಮೇಲೆ ಬಿಟ್ಟುಹೋಗುವ ಹಾಗಿಲ್ಲ. ಸಾರಜನಕ ಅಥವಾ ಆರ್ಗಾನ್ ತುಂಬಿದ ಪೆಟ್ಟಿಗೆಯೊಳಗೆ ಕೆಲಸ ಮಾಡಿ, ಮೇಲೆ ಬೋರಾನ್ ನೈಟ್ರೈಡಿನ ಪದರ ಹೊದಿಸಿ ಕಾಪಾಡುತ್ತಾರೆ.

ಇಂಥ ಚೂರಿನ ದಿಕ್ಕು ಹುಡುಕಲು ಜಾಸ್ತಿ ಬಳಸುವ ವಿಧಾನ ರಾಮನ್ ಸ್ಪೆಕ್ಟ್ರೋಸ್ಕೋಪಿ. ರಾಮನ್ ಪರಿಣಾಮವನ್ನು ಶಾಲೆಯಲ್ಲಿ ಓದಿರುತ್ತೀರಿ. ವಸ್ತುವಿನ ಮೇಲೆ ಬಿದ್ದ ಒಂದು ಬಣ್ಣದ ಬೆಳಕು ಚದುರುವಾಗ, ಅದರಲ್ಲಿ ಕೋಟಿಗೊಂದರಷ್ಟು ಕಣ ಬಣ್ಣ ಬದಲಿಸಿಕೊಂಡು ಬರುತ್ತದೆ. ಕಳೆದುಕೊಂಡ ಶಕ್ತಿ ಪರಮಾಣುಗಳ ಕಂಪನಕ್ಕೆ ಹೋಗಿರುತ್ತದೆ. ಒಂದೊಂದು ಕಂಪನಕ್ಕೆ ರೋಹಿತದಲ್ಲಿ ಒಂದೊಂದು ಗೆರೆ. ಶಾಲೆಯಲ್ಲಿ ಸಾಮಾನ್ಯವಾಗಿ ಹೇಳದ ಒಂದು ವಿಷಯ ಇದೆ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ 1928ರ ಮಾರ್ಚ್ 31ರ ನೇಚರ್ ಸಂಚಿಕೆಯಲ್ಲಿ ಪ್ರಕಟಿಸಿದ ಪುಟ್ಟ ಟಿಪ್ಪಣಿಯಲ್ಲೇ ಧ್ರುವೀಕರಣದ ಮಾತು ಬರುತ್ತದೆ. ಇದು ಪ್ರತಿದೀಪ್ತಿ (ಬೆಳಕನ್ನು ಹೀರಿ ಆಮೇಲೆ ಬೇರೆ ಬಣ್ಣದಲ್ಲಿ ಚೆಲ್ಲುವುದು) ಇರಬಹುದಲ್ಲ ಎಂಬ ಅನುಮಾನಕ್ಕೆ ಅವರು ಕೊಟ್ಟ ಉತ್ತರಗಳಲ್ಲಿ ಒಂದು, ಚದುರಿದ ಬೆಳಕು ಬಲವಾಗಿ ಧ್ರುವೀಕೃತವಾಗಿದೆ ಎನ್ನುವುದು. ಅಂದರೆ ಧ್ರುವೀಕೃತ ರಾಮನ್ ಎನ್ನುವುದು ಆಮೇಲೆ ಸೇರಿಸಿದ ಬಾಲಂಗೋಚಿ ಅಲ್ಲ. ಹುಟ್ಟಿನಿಂದಲೇ ಜೊತೆಗಿತ್ತು.

ಉಪಕರಣ ಹೀಗಿರುತ್ತದೆ. ಹಸಿರು ಲೇಸರ್, ಸಾಮಾನ್ಯವಾಗಿ 532 ನ್ಯಾನೋಮೀಟರ್. ಅದರ ದಾರಿಯಲ್ಲಿ ಧ್ರುವೀಕರಣದ ದಿಕ್ಕನ್ನು ತಿರುಗಿಸುವ, ಅರ್ಧ-ಅಲೆ ಫಲಕ ಎಂಬ ಹರಳಿನ ಬಿಲ್ಲೆ. ಆಮೇಲೆ ಮೈಕ್ರೋಸ್ಕೋಪಿನ ಮಸೂರ. ಅದು ಲೇಸರನ್ನು ಸುಮಾರು ಒಂದು ಮೈಕ್ರಾನಿನ ಚುಕ್ಕೆಯಾಗಿ ಚೂರಿನ ಮೇಲೆ ಬೀಳಿಸುತ್ತದೆ. ಚದುರಿ ವಾಪಸ್ ಬಂದ ಬೆಳಕು ಇನ್ನೊಂದು ಪೋಲರೈಸರ್ ದಾಟಿ ರೋಹಿತಮಾಪಕಕ್ಕೆ ಹೋಗುತ್ತದೆ. ಒಳಹೋಗುವ ದಿಕ್ಕು, ಹೊರಬರುವ ದಿಕ್ಕು ಎರಡೂ ಒಂದೇ ಆಗಿಟ್ಟರೆ ಸಮಾಂತರ ಜೋಡಣೆ. ಲಂಬವಾಗಿಟ್ಟರೆ ಅಡ್ಡ ಜೋಡಣೆ. ಚೂರನ್ನಾದರೂ ತಿರುಗಿಸಬಹುದು, ಬೆಳಕನ್ನಾದರೂ ತಿರುಗಿಸಬಹುದು. ಚೂರು ತಿರುಗಿಸಿದರೆ ಆ ಒಂದು ಮೈಕ್ರಾನಿನ ಚುಕ್ಕೆ ಜಾಗ ಬಿಟ್ಟು ಜಾರುತ್ತದೆ, ಹಾಗಾಗಿ ಬೆಳಕು ತಿರುಗಿಸುವವರೇ ಜಾಸ್ತಿ. ಹೊಸಬರು ಎಡವುವ ಜಾಗ ಒಂದಿದೆ. ಅರ್ಧ-ಅಲೆ ಫಲಕವನ್ನು 45 ಡಿಗ್ರಿ ತಿರುಗಿಸಿದರೆ ಬೆಳಕಿನ ದಿಕ್ಕು 90 ಡಿಗ್ರಿ ತಿರುಗಿರುತ್ತದೆ. ಇದನ್ನು ಮರೆತರೆ ಗ್ರಾಫಿನಲ್ಲಿ ಎಸಳುಗಳ ಲೆಕ್ಕ ದುಪ್ಪಟ್ಟಾಗುತ್ತದೆ.

ಕಪ್ಪು ರಂಜಕ ಮೂರು ಮುಖ್ಯ ಗೆರೆ ಕೊಡುತ್ತದೆ. ಸೆಂಟಿಮೀಟರಿಗೆ ಎಷ್ಟು ಅಲೆ ಎಂಬ ರಾಮನ್ ಅಳತೆಯಲ್ಲಿ ಅವು ಸುಮಾರು 362, 439 ಮತ್ತು 467ರಲ್ಲಿ ಬರುತ್ತವೆ. ಸಮಾಂತರ ಜೋಡಣೆಯಲ್ಲಿ ಕೋನ ಬದಲಿಸುತ್ತಾ ಒಂದೊಂದು ಗೆರೆಯ ತೀವ್ರತೆಯನ್ನು ವೃತ್ತಾಕಾರದ ಗ್ರಾಫಿನಲ್ಲಿ ಗುರುತು ಹಾಕಿ. ನಡುವಿನ ಗೆರೆ ನಾಲ್ಕು ಎಸಳಿನ ಹೂವಾಗುತ್ತದೆ. ಆರ್ಮ್‌ಚೇರ್ ಮತ್ತು ಝಿಗ್‌ಝ್ಯಾಗ್ ಎರಡೂ ದಿಕ್ಕಿನಲ್ಲಿ ಅದು ಸೊನ್ನೆ. ಸಮಮಿತಿಯೇ ಅದನ್ನು ಸೊನ್ನೆ ಮಾಡಿಸುತ್ತದೆ, ಆದ್ದರಿಂದ ಆ ಸೊನ್ನೆಯನ್ನು ನಂಬಬಹುದು. ಉಳಿದೆರಡು ಗೆರೆಗಳು ಒಂದು ದಿಕ್ಕಿಗೆ ಉಬ್ಬಿ ಇನ್ನೊಂದು ದಿಕ್ಕಿಗೆ ಕುಗ್ಗುತ್ತವೆ.

ಹಾಗಾದರೆ ನಡುವಿನ ಗೆರೆಯಿಂದ ಎರಡು ಅಕ್ಷ ಸಿಕ್ಕಿತು. ಅದರಲ್ಲಿ ಆರ್ಮ್‌ಚೇರ್ ಯಾವುದು, ಝಿಗ್‌ಝ್ಯಾಗ್ ಯಾವುದು? ಉಳಿದೆರಡು ಗೆರೆಗಳು ಎಲ್ಲಿ ಉಬ್ಬುತ್ತವೋ ಅದು ಆರ್ಮ್‌ಚೇರ್ ಎಂದುಬಿಡಬಹುದು ಅಂತ ಅನ್ನಿಸುತ್ತದೆ. ಶುರುವಿನಲ್ಲಿ ಹಲವರು ಹಾಗೇ ಅಂದುಕೊಂಡರು. ಆದರೆ 2015ರ ಹೊತ್ತಿಗೆ ಅಳತೆಗಳು ಒಂದಕ್ಕೊಂದು ತಾಳೆಯಾಗದೆ ಗಲಾಟೆ ಶುರುವಾಯಿತು. ಚೂರಿನ ದಪ್ಪ ಬದಲಾದರೆ, ಅಥವಾ ಹಸಿರು ಲೇಸರ್ ಬಿಟ್ಟು ನೀಲಿ ಲೇಸರ್ ಹಾಕಿದರೆ, ಕೆಲವೊಮ್ಮೆ ಉಬ್ಬು ಒಂದು ಅಕ್ಷದಿಂದ ಇನ್ನೊಂದು ಅಕ್ಷಕ್ಕೆ ಜಿಗಿಯುತ್ತದೆ! ಹರಳು ಅಲುಗಿಲ್ಲ, ಉತ್ತರ ಮಾತ್ರ 90 ಡಿಗ್ರಿ ತಿರುಗಿದೆ.

ಕಾರಣ ಎರಡು. ಒಂದು, ದಾರಿಯದು. ಬೆಳಕು ಚೂರಿನೊಳಗೆ ಹೋಗಿ, ಕೆಳಗಿರುವ ಸಿಲಿಕಾನ್ ಆಕ್ಸೈಡ್ ಪದರದಿಂದ ಪ್ರತಿಫಲಿಸಿ, ತನ್ನೊಡನೆ ತಾನೇ ಬೆರೆಯುತ್ತದೆ. ಎರಡು ದಿಕ್ಕಿಗೆ ವೇಗ ಬೇರೆ, ಹೀರುವಿಕೆ ಬೇರೆ. ಆದ್ದರಿಂದ ಒಂದು ದಪ್ಪದಲ್ಲಿ ಆರ್ಮ್‌ಚೇರ್ ಬೆಳಕಿಗೆ ಅನುಕೂಲ, ಇನ್ನೊಂದು ದಪ್ಪದಲ್ಲಿ ಝಿಗ್‌ಝ್ಯಾಗ್ ಬೆಳಕಿಗೆ ಅನುಕೂಲ. ರೇಷ್ಮೆಯ ಗುಣ, ಹಾರ್ನ್‌ಬ್ಲೆಂಡಿನ ಗುಣ ಎರಡೂ ಒಂದೇ ಚೂರಿನಲ್ಲಿ ಸೇರಿದರೆ ಹೀಗಾಗುತ್ತದೆ. ಎರಡನೆಯದು ಚದುರಿಕೆಯದೇ. ಪಾರದರ್ಶಕ ಹರಳಿನ ರಾಮನ್ ಲೆಕ್ಕದಲ್ಲಿ ಬರುವ ಸಂಖ್ಯೆಗಳು ಸಾಮಾನ್ಯ ಸಂಖ್ಯೆಗಳು. ಬೆಳಕು ಹೀರುವ ಹರಳಿನಲ್ಲಿ ಅವು ಸಂಕೀರ್ಣ ಸಂಖ್ಯೆಗಳಾಗುತ್ತವೆ. ಅಂದರೆ ಒಂದು ದಿಕ್ಕಿನ ಕೊಡುಗೆ ಇನ್ನೊಂದು ದಿಕ್ಕಿನ ಕೊಡುಗೆಗಿಂತ ಸ್ವಲ್ಪ ಹಿಂದೆ ಅಥವಾ ಮುಂದೆ ಬೀಳುತ್ತದೆ. ಆ ಅಂತರ ಲೇಸರಿನ ಬಣ್ಣದೊಂದಿಗೆ ಬದಲಾಗುತ್ತದೆ. ಪಾರದರ್ಶಕ ಹರಳಿನ ಸೂತ್ರವನ್ನೇ ಇಲ್ಲಿಗೂ ಹಚ್ಚಿದರೆ ಗ್ರಾಫು ಸೂತ್ರಕ್ಕೆ ಕೂರುವುದಿಲ್ಲ.

ಇಷ್ಟಾದರೂ ಕಪ್ಪು ರಂಜಕ ಸಾಧು ಪ್ರಾಣಿ. ಅಕ್ಷಗಳ ಹೆಸರು ಅದಲುಬದಲಾಗಬಹುದು, ಅಕ್ಷಗಳು ಮಾತ್ರ ಅಲ್ಲಾಡುವುದಿಲ್ಲ. ಕನ್ನಡಿ ಸಮಮಿತಿ ಅವನ್ನು ಹಿಡಿದಿಟ್ಟಿದೆ. ಆ ಕನ್ನಡಿಯೂ ಇಲ್ಲದ ಹರಳು ಸಿಕ್ಕರೆ?

ರೀನಿಯಂ ಡೈಸಲ್ಫೈಡ್ ಅಂಥದ್ದು. ಟ್ರೈಕ್ಲಿನಿಕ್ ಜಾತಿಯ ಹರಳು, ಸಮಮಿತಿಯ ಏಣಿಯಲ್ಲಿ ತೀರಾ ಕೆಳಗಿನ ಮೆಟ್ಟಿಲು. ಒಂದು ಪದರದಲ್ಲಿ ನಾಲ್ಕು ನಾಲ್ಕು ರೀನಿಯಂ ಪರಮಾಣುಗಳು ವಜ್ರಾಕೃತಿಯಲ್ಲಿ ಕೂಡಿಕೊಂಡು, ಆ ವಜ್ರಗಳು ಸಾಲುಗಟ್ಟಿ ಸರಪಳಿಯಾಗುತ್ತವೆ. ಸರಪಳಿಯ ದಿಕ್ಕಿಗೆ ಬಿ-ಅಕ್ಷ ಎಂದು ಹೆಸರು. ಹರಳಿನ ಒಂದು ಘಟಕದಲ್ಲಿ 12 ಪರಮಾಣು, ಆದ್ದರಿಂದ 36 ಬಗೆಯ ಕಂಪನ. ಅದರಲ್ಲಿ 18 ರಾಮನ್‌ಗೆ ಕಾಣುತ್ತವೆ. ಗ್ರಾಫೀನಿನ ಎರಡು-ಮೂರು ಗೆರೆ ನೋಡಿ ಅಭ್ಯಾಸವಾದವರಿಗೆ ಈ ರೋಹಿತ ಸಂತೆಯಂತೆ ಕಾಣುತ್ತದೆ. ಒಂದು ಒಳ್ಳೆಯ ಗುಣ, ಇದು ಗಾಳಿಯಲ್ಲಿ ಕೆಡದೆ ಉಳಿಯುತ್ತದೆ.

ಆ 18 ಗೆರೆಗಳೂ ಸಮಮಿತಿಯ ದೃಷ್ಟಿಯಲ್ಲಿ ಒಂದೇ ಜಾತಿ. ಯಾವ ಗೆರೆಗೂ ಇಂಥ ದಿಕ್ಕಿನಲ್ಲೇ ಸೊನ್ನೆಯಾಗು ಎಂಬ ಆಜ್ಞೆಯಿಲ್ಲ. ಒಂದೊಂದು ತನಗೆ ತೋಚಿದ ಕೋನದಲ್ಲಿ ಉಬ್ಬುತ್ತದೆ. ಸುಮಾರು 212ರಲ್ಲಿ ಬರುವ ಗೆರೆ ಹಸಿರು ಲೇಸರಿನಲ್ಲಿ ಬಿ-ಅಕ್ಷದ ಹತ್ತಿರ ಉಬ್ಬುತ್ತದೆ ಎಂದು ತಿಳಿದ ಮೇಲೆ ಎಲ್ಲರೂ ಅದನ್ನೇ ದಿಕ್ಸೂಚಿಯಾಗಿ ಬಳಸತೊಡಗಿದರು. ತಪ್ಪೇನಿಲ್ಲ, ಕೈಗೆ ಸಿಕ್ಕಿದ ದಾರಿ. ಆದರೆ ಅದು ಅಭ್ಯಾಸದಿಂದ ಬಂದ ನಿಯಮ, ಸಮಮಿತಿಯಿಂದ ಬಂದದ್ದಲ್ಲ. ಲೇಸರ್ ಬದಲಿಸಿದರೆ ಆ ಕೋನ ಉಳಿಯಲೇಬೇಕೆಂಬ ಕಟ್ಟಳೆ ಇಲ್ಲ. ಇನ್ನೂ ಒಂದು ಚಮತ್ಕಾರ ಇದೆ. ಈ ಹರಳಿನ ಚೂರನ್ನು ಮಗುಚಿ ಹಾಕಿದರೆ ಅದು ಮೊದಲಿನ ಚೂರಲ್ಲ, ಗೆರೆಗಳ ಕೋನಗಳೂ ಮಗುಚುತ್ತವೆ. ಟೇಪಿನಿಂದ ಕಿತ್ತ ಚೂರು ಯಾವ ಮಗ್ಗುಲಿಗೆ ಬಿದ್ದಿದೆ ಎನ್ನುವುದನ್ನೂ ರಾಮನ್‌ನಿಂದಲೇ ಪತ್ತೆ ಮಾಡುತ್ತಾರೆ.

ಹೀರುವಿಕೆಯ ದೀರ್ಘವೃತ್ತಕ್ಕೂ ಇದೇ ಸ್ವಾತಂತ್ರ್ಯ. ಕನ್ನಡಿ ಇಲ್ಲ, ಹಾಗಾಗಿ ಅಕ್ಷ ಎಲ್ಲಿ ಬೇಕಾದರೂ ನಿಲ್ಲಬಹುದು. ಕೆಂಪಿನ ದೀರ್ಘವೃತ್ತ ಒಂದು ಕಡೆ ತಿರುಗಿದ್ದರೆ ಹಸಿರಿನದು ಇನ್ನೊಂದು ಕಡೆ. ವೇಗದ ದೀರ್ಘವೃತ್ತ ಮೂರನೆಯ ಕಡೆ. ರೀನಿಯಂ ಡೈಸಲ್ಫೈಡಿನಲ್ಲಿ ಸುಮಾರು 800 ನ್ಯಾನೋಮೀಟರ್ ಆಸುಪಾಸಿನಲ್ಲಿ ಎರಡು ಬಲವಾದ ಎಕ್ಸಿಟಾನ್ ಗೆರೆಗಳಿವೆ. ಎಕ್ಸಿಟಾನ್ ಅಂದರೆ ಎಲೆಕ್ಟ್ರಾನೂ ಅದು ಬಿಟ್ಟುಹೋದ ಖಾಲಿ ಜಾಗವೂ ಜೋಡಿಯಾಗಿ ತಿರುಗುವ ಸ್ಥಿತಿ. ಈ ಎರಡು ಗೆರೆಗಳ ಧ್ರುವೀಕರಣ ಬೇರೆ ಬೇರೆ ದಿಕ್ಕಿಗಿದೆ, ಅವುಗಳ ನಡುವೆ 90 ಡಿಗ್ರಿಯೂ ಇಲ್ಲ. ಒಂದೇ ಚೂರು, ಶಕ್ತಿ ಸ್ವಲ್ಪವೇ ಬದಲು, ದಿಕ್ಕು ಬೇರೆ. ಹೀಗಿರುವಾಗ ಈ ಹರಳಿನ ಬೆಳಕಿನ ಅಕ್ಷ ಯಾವುದು ಎಂದು ಕೇಳಿದರೆ, ಯಾವ ಬಣ್ಣಕ್ಕೆ ಎಂದು ತಿರುಗಿ ಕೇಳಬೇಕಾಗುತ್ತದೆ.

ಈ ಗೊಂದಲ ತೆಳು ಪದರಗಳೊಂದಿಗೆ ಹುಟ್ಟಿದ್ದಲ್ಲ. ಕೆಜಿಎಫ್‌ನ ಹಾರ್ನ್‌ಬ್ಲೆಂಡಿಗೂ ಇದೆ. ಅದು ಮೊನೊಕ್ಲಿನಿಕ್, ಟ್ರೈಕ್ಲಿನಿಕ್‌ಗಿಂತ ಒಂದು ಮೆಟ್ಟಿಲು ಮೇಲೆ. ಎರಡು ಪೋಲರೈಸರ್ ನಡುವೆ ಅದನ್ನು ತಿರುಗಿಸಿದರೆ, ಹಲವು ಹೋಳುಗಳಲ್ಲಿ ಅದು ಆರುವ ಕೋನ ಹರಳಿನ ಸೀಳುಗೆರೆಗೆ ನೇರವಾಗಿರುವುದಿಲ್ಲ, ಓರೆಯಾಗಿರುತ್ತದೆ. ಭೂವಿಜ್ಞಾನದ ವಿದ್ಯಾರ್ಥಿಗಳು ಆ ಓರೆ ಕೋನ ಅಳೆದೇ ಖನಿಜ ಗುರುತಿಸುವುದನ್ನು ಕಲಿಯುತ್ತಾರೆ. ಹರಳಿನ ಆಕಾರ ಹೇಳುವ ದಿಕ್ಕು ಒಂದು, ಬೆಳಕು ಹೇಳುವ ದಿಕ್ಕು ಇನ್ನೊಂದು ಎನ್ನುವುದು ಅವರಿಗೆ ಮೊದಲ ವರ್ಷದ ಪಾಠ. ಭೌತವಿಜ್ಞಾನದವರು ಅದನ್ನು 2015ರಲ್ಲಿ ಮತ್ತೆ ಕಷ್ಟಪಟ್ಟು ಕಲಿತರು ಅಂದರೆ ಸ್ವಲ್ಪ ಖಾರವಾಯಿತೇನೋ.

ಕೋಲಾರದಿಂದ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಇದರ ಗಣಿತ ಆಗಲೇ ತಯಾರಾಗಿತ್ತು. ರಾಮನ್ 1948ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪಂಚರತ್ನಂ ಎಂಬ ಹುಡುಗ ಕೆಲಸ ಮಾಡುತ್ತಿದ್ದರು. ಹುಟ್ಟಿದ್ದು 1934, ರಾಮನ್ ಅವರ ಸಂಬಂಧಿ. 1955ರ ಹೊತ್ತಿಗೆ ಅವರು ಕೈಗೆತ್ತಿಕೊಂಡ ಪ್ರಶ್ನೆ, ಬೆಳಕು ಹೀರುವ ಕಡಿಮೆ ಸಮಮಿತಿಯ ಹರಳಿನೊಳಗೆ ಧ್ರುವೀಕೃತ ಬೆಳಕು ಹೇಗೆ ಸಾಗುತ್ತದೆ ಎನ್ನುವುದು. ಪ್ರಯೋಗಕ್ಕೆ ಬಳಸಿದ್ದು ಅಯೋಲೈಟ್ ಎಂಬ ನೀಲಿ ಖನಿಜ. ಪಾರದರ್ಶಕ ಹರಳಿನಲ್ಲಿ ಎರಡು ನೇರ ಧ್ರುವೀಕೃತ ಅಲೆಗಳು ಬದಲಾಗದೆ ಸಾಗುತ್ತವೆ. ವೇಗದ ವ್ಯತ್ಯಾಸದ ಜೊತೆ ಹೀರುವಿಕೆಯ ವ್ಯತ್ಯಾಸವೂ ಸೇರಿ, ಎರಡರ ಅಕ್ಷ ಬೇರೆಯಾದರೆ, ಆ ಅಲೆಗಳೇ ದೀರ್ಘವೃತ್ತಾಕಾರದಲ್ಲಿ ಸುತ್ತತೊಡಗುತ್ತವೆ. ಕೆಲವು ವಿಶೇಷ ದಿಕ್ಕುಗಳಲ್ಲಿ ಎರಡೂ ಒಂದೇ ಆಗಿಬಿಡುತ್ತವೆ. 1956ರಲ್ಲಿ ಅವರು ಬರೆದ ಇನ್ನೊಂದು ಲೇಖನದ ಫಲಿತಾಂಶ ದಶಕಗಳ ನಂತರ, ಬ್ರಿಟನ್ನಿನ ಮೈಕಲ್ ಬೆರಿ 1984ರಲ್ಲಿ ಬರೆದ ಕೆಲಸದ ಜೊತೆ ಸೇರಿ, ಪಂಚರತ್ನಂ-ಬೆರಿ ಫೇಸ್ ಎಂದು ಹೆಸರಾಯಿತು. ಫೇಸ್ ಅಂದರೆ ಅಲೆ ಎಷ್ಟು ಹಿಂದೆ ಅಥವಾ ಮುಂದೆ ಬಿದ್ದಿದೆ ಎನ್ನುವ ಲೆಕ್ಕ. ಅದನ್ನು ನೋಡಲು ಪಂಚರತ್ನಂ ಇರಲಿಲ್ಲ, 1969ರಲ್ಲೇ ತೀರಿಕೊಂಡಿದ್ದರು. ಜನ ಅವರನ್ನು ನೆನೆಯುವುದು 1956ರ ಕೆಲಸಕ್ಕೆ. ನನ್ನನ್ನು ಕೇಳಿದರೆ ರೀನಿಯಂ ಡೈಸಲ್ಫೈಡ್ ಮುಂದೆ ಕೂತವರಿಗೆ 1955ರದ್ದೇ ಜಾಸ್ತಿ ಉಪಯೋಗ.

ಹಾಗಾದರೆ ದಿಕ್ಕನ್ನು ಖಾತ್ರಿ ಮಾಡಿಕೊಳ್ಳುವುದು ಹೇಗೆ? ಬೆಳಕನ್ನು ಮಾತ್ರ ನಂಬದೆ, ಕೆಲವು ಚೂರುಗಳ ಮೇಲಾದರೂ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಪರಮಾಣು ಸಾಲುಗಳನ್ನೇ ನೋಡುತ್ತಾರೆ. ಅದಕ್ಕೆ ರಾಮನ್ ಕೋನವನ್ನು ತಾಳೆ ಹಾಕುತ್ತಾರೆ. ಒಂದೇ ಲೇಸರಿನ ಬದಲು ಎರಡು-ಮೂರು ಬಣ್ಣದ ಲೇಸರ್ ಬಳಸುತ್ತಾರೆ. ಚೂರಿನ ದಪ್ಪವನ್ನು ಬೇರೆಯಾಗಿ ಅಳೆಯುತ್ತಾರೆ. ಉಪಕರಣದ ತಂಟೆಯೂ ಕಡಿಮೆ ಇಲ್ಲ. ರೋಹಿತಮಾಪಕದೊಳಗೆ ಬಣ್ಣಗಳನ್ನು ಬಿಡಿಸುವ ಗ್ರೇಟಿಂಗ್ ಎಂಬ ಗೀರುಫಲಕ ಒಂದು ದಿಕ್ಕಿನ ಬೆಳಕನ್ನು ಚೆನ್ನಾಗಿ ಕಳಿಸುತ್ತದೆ, ಇನ್ನೊಂದನ್ನು ಮಂಕು ಮಾಡುತ್ತದೆ. ದಾರಿಯ ಕನ್ನಡಿಗಳೂ ಅಷ್ಟೇ. ಸರಿಪಡಿಸದೆ ಅಳೆದರೆ ಗ್ರಾಫೀನಿಗೂ ದಿಕ್ಕು ಬಂದುಬಿಡುತ್ತದೆ! ಅದಕ್ಕೇ ಮೊದಲು ದಿಕ್ಕು ಗೊತ್ತಿರುವ ಸಿಲಿಕಾನ್ ಬಿಲ್ಲೆ ಇಟ್ಟು, 520ರ ಹತ್ತಿರದ ಅದರ ಗೆರೆ ಲೆಕ್ಕದ ಪ್ರಕಾರ ಏರಿಳಿಯುತ್ತದೆಯೇ ಎಂದು ನೋಡುವುದು ರೂಢಿ.

ಇಷ್ಟೆಲ್ಲ ಕಷ್ಟ ಯಾಕೆ? ಟ್ರಾನ್ಸಿಸ್ಟರ್ ಮಾಡುವವರಿಗೆ ಕರೆಂಟು ಯಾವ ದಿಕ್ಕಿಗೆ ಚೆನ್ನಾಗಿ ಹರಿಯುತ್ತದೆ ಎಂದು ಮೊದಲೇ ಗೊತ್ತಾಗಬೇಕು. ಪೋಲರೈಸರ್ ಇಲ್ಲದೆಯೇ ಬೆಳಕಿನ ದಿಕ್ಕು ಗುರುತಿಸುವ ಸಂವೇದಕಗಳನ್ನೂ ಇವುಗಳಿಂದ ಮಾಡುತ್ತಿದ್ದಾರೆ. ನನಗೆ ಇವೆರಡಕ್ಕಿಂತ ಕುತೂಹಲ ಹುಟ್ಟಿಸುವುದು ಕಾಂತತ್ವದ ಬಳಕೆ. ನಿಕ್ಕಲ್, ರಂಜಕ, ಗಂಧಕ ಸೇರಿದ, ಪದರ ಪದರವಾದ ಹರಳೊಂದಿದೆ. ಸುಮಾರು 155 ಕೆಲ್ವಿನ್, ಅಂದರೆ ಮೈನಸ್ 118 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದಾಗ ಅದರ ಸ್ಪಿನ್‌ಗಳು, ಅಂದರೆ ಪರಮಾಣುಗಳ ಪುಟ್ಟ ಆಯಸ್ಕಾಂತಗಳು, ಒಂದು ಸಾಲು ಬಿಟ್ಟು ಒಂದು ಸಾಲು ಎದುರುಬದುರಾಗಿ ನಿಲ್ಲುತ್ತವೆ. ಆಗ ಅದು ಚೆಲ್ಲುವ ಬೆಳಕಿನಲ್ಲಿ ತುಂಬ ಚೂಪಾದ ಗೆರೆಯೊಂದು ಮೂಡುತ್ತದೆ, ಮತ್ತು ಅದರ ಧ್ರುವೀಕರಣ ಸ್ಪಿನ್‌ಗಳು ನಿಂತ ದಿಕ್ಕಿಗೆ ಕಟ್ಟುಬಿದ್ದಿರುತ್ತದೆ. ಇಂಥ ಕಾಂತತ್ವವನ್ನು ಸಾಮಾನ್ಯ ಆಯಸ್ಕಾಂತದ ಉಪಕರಣದಿಂದ ಅಳೆಯುವುದು ಬಲು ಕಷ್ಟ, ಏಕೆಂದರೆ ಎದುರುಬದುರು ಸ್ಪಿನ್‌ಗಳು ಒಂದನ್ನೊಂದು ರದ್ದು ಮಾಡಿಬಿಟ್ಟಿರುತ್ತವೆ. ಬೆಳಕು ಅದನ್ನು ಹೊರಗಿನಿಂದಲೇ ಓದುತ್ತದೆ.

ರಾಮನ್ ಉಪಕರಣ ದುಬಾರಿ, ನಮ್ಮ ಕಡೆಯ ಡಿಗ್ರಿ ಕಾಲೇಜುಗಳಲ್ಲಿ ಸಿಗುವುದು ಕಷ್ಟ. ಆದರೆ ಮೇಲಿನಿಂದ ಬೆಳಕು ಬೀಳುವ, ಎರಡು ಪೋಲರೈಸರ್ ಹಾಕಬಹುದಾದ ಮೈಕ್ರೋಸ್ಕೋಪ್ ಇದ್ದರೂ ಶುರು ಮಾಡಬಹುದು. ಎರಡು ಪೋಲರೈಸರನ್ನು ಲಂಬವಾಗಿಟ್ಟು ಚಪ್ಪಟೆಯಾಗಿ ಮಲಗಿದ ಗ್ರಾಫೈಟ್ ಚೂರನ್ನು ತಿರುಗಿಸಿ. ಕತ್ತಲಾಗಿಯೇ ಇರುತ್ತದೆ. ರೀನಿಯಂ ಡೈಸಲ್ಫೈಡ್ ಚೂರು ಇಟ್ಟರೆ ಒಂದು ಸುತ್ತಿಗೆ ನಾಲ್ಕು ಸಲ ಬೆಳಗಿ ನಾಲ್ಕು ಸಲ ಮಂಕಾಗುತ್ತದೆ. ಮಂಕಾದಾಗಲೂ ಅದು ಪೂರ್ತಿ ಆರದೆ ಇದ್ದರೆ ಮೈಕ್ರೋಸ್ಕೋಪನ್ನು ಬೈಯಬೇಡಿ. ಮೊದಲು ಗ್ರಾಫೈಟಿನ ಕತ್ತಲಿನೊಂದಿಗೆ ಹೋಲಿಸಿ. ಅದು ಚೆನ್ನಾಗಿ ಆರಿ ಇದು ಆರದಿದ್ದರೆ, ಪಂಚರತ್ನಂ ಲೆಕ್ಕ ಹಾಕಿದ ಆ ಸುತ್ತುವ ಅಲೆಗಳ ಪಾಲೂ ಅದರಲ್ಲಿ ಇರಬಹುದು. ಆಮೇಲೆ ದೀಪದ ಮುಂದೆ ಹಸಿರು ಫಿಲ್ಟರ್ ಹಾಕಿ ಅತಿ ಮಂಕಾದ ಕೋನ ಅಳೆಯಿರಿ. ಫಿಲ್ಟರ್ ಬದಲಿಸಿ ಕೆಂಪಿನಲ್ಲಿ ಮತ್ತೆ ಅಳೆಯಿರಿ. ಎರಡು ಅಂಕಿ ಬೇರೆ ಬಂದರೆ ಸರಾಸರಿ ತೆಗೆಯಬೇಡಿ, ಎರಡನ್ನೂ ಅದರದರ ಬಣ್ಣದ ಜೊತೆಗೇ ಬರೆದಿಡಿ.